ಮೂಗಪ್ಪನ ಬೆಟ್ಟಕ್ಕೆ ಹದಿನಾಲ್ಕು ಮಂದಿ

ಚಳಿಗಾಲದಲ್ಲಿ ನಮ್ಮೂರಿಗೆ ಬರುವ ಪ್ರವಾಸಿಗಳನ್ನು ಬಸ್ಸಿನಿಂದ ಇಳಿಸಿಕೊಂಡು ನಾನು ಮೊದಲು ಹೇಳುವ ಮಾತು ಒಂದೇ. "ಏನೇನು ಕೇಳ್ಬೇಕೋ ಎಲ್ಲಾ ಇಲ್ಲೇ ಕೇಳ್ಕೊಂಡ್ಬಿಡಿ. ಮೇಲೆ ಹೋದ್ಮೇಲೆ ನನ್ನ ತಲೆ ತಿನ್ನೋಕೆ ನೋಡಿದ್ರೂ ಆಗಲ್ಲ." ಅವರು ನಗುತ್ತಾರೆ. ಯಾರಾದರೊಬ್ಬ ಜಾಣ ಇದ್ದೇ ಇರುತ್ತಾನೆ, ಹೆಂಡತಿಯನ್ನು ತೋರಿಸಿ, "ಇವಳನ್ನ ಮೂರು ತಿಂಗಳು ಅಲ್ಲೇ ಬಿಟ್ಟು ಹೋಗ್ಬಹುದಾ ಅಕ್ಕ?" ಅನ್ನುತ್ತಾನೆ. ಇಪ್ಪತ್ತಾರು ವರ್ಷದಿಂದ ಪ್ರತಿ ಗುಂಪಿನಲ್ಲೂ ಈ ಮಾತು ಕೇಳಿದ್ದೇನೆ. ಪ್ರತಿ ಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತೇನೆ. ಏನು ಮಾಡುವುದು, ಹೊಟ್ಟೆಪಾಡು.

ಮಾರ್ಗಶಿರ ಹಿಡಿದು ಶಿವರಾತ್ರಿಯವರೆಗೆ ಮೂಗಪ್ಪನ ಬೆಟ್ಟದ ಮೇಲೆ ಯಾರ ಬಾಯಿಂದ ಹೊರಟ ಮಾತೂ ಅಲ್ಲಿ ಕೇಳಿಸುವುದಿಲ್ಲ. ಪಕ್ಕದವನ ಕಿವಿಗೆ ಬಾಯಿಟ್ಟು ಕಿರುಚಿದರೂ ಇಲ್ಲ. ಆ ಮಾತು ಬೆಟ್ಟದ ಬುಡದಲ್ಲಿರುವ ದೊಡ್ಡ ನೀರನ್ನು ದಾಟಿ, ಕಿವಿಗಡ್ಡೆ ಅನ್ನುವ ನಡುಗಡ್ಡೆಗೆ ಹೋಗಿ, ಅಲ್ಲಿ ಕೇಳಿಸುತ್ತದೆ. ಒಂದೇ ಸಲ. ಗಟ್ಟಿಯಾಗಿ ಕೂಗಿದ್ದು ಎರಡು ಗಂಟೆಯಲ್ಲಿ ಹೋಗಿ ಮುಟ್ಟುತ್ತದೆ. ಗೊಣಗಿದ್ದು, ಪಿಸುಗುಟ್ಟಿದ್ದು ನಿಧಾನ. ಅದು ಮುಂದಿನ ಚಳಿಗಾಲ, ಅದೇ ದಿನ, ಅದೇ ಹೊತ್ತಿಗೆ ಬರುತ್ತದೆ.

ಹಾಗಾಗಿ ನಮ್ಮ ಒಂದು ದಿನದ ಪ್ರವಾಸ ನಡೆಯುವುದು ಹೀಗೆ. ಬೆಳಿಗ್ಗೆ ಬೆಟ್ಟ ಹತ್ತಿಸುತ್ತೇನೆ. ಮೇಲೆ ನಿಂತು ಪ್ರವಾಸಿಗಳು ಬಾಯಿಗೆ ಬಂದದ್ದನ್ನು ಕೂಗುತ್ತಾರೆ. ಆಮೇಲೆ ಇಳಿದು, ದೋಣಿ ಹತ್ತಿ, ಕಿವಿಗಡ್ಡೆಗೆ ಹೋಗಿ ಊಟಕ್ಕೆ ಕೂರುವ ಹೊತ್ತಿಗೆ ಅವರವರ ಕೂಗು ಅವರವರ ತಲೆಯ ಮೇಲೆ ಬಂದು ಬೀಳುತ್ತದೆ. ಹೋ ಎಂದು ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಊಟವಾದ ಮೇಲೆ ಹಕ್ಕಿಗಡ್ಡೆ, ಕೋಟೆಗಡ್ಡೆ ಎರಡನ್ನೂ ತೋರಿಸಿ ಐದು ಗಂಟೆಗೆ ಬಸ್ ಸ್ಟ್ಯಾಂಡಿಗೆ ತಂದು ಬಿಟ್ಟರೆ ನನ್ನ ಕೆಲಸ ಮುಗಿಯಿತು.

ಊರಿನವರು ಬೆಟ್ಟಕ್ಕೆ ಹೋಗುವುದು ಬೇರೆ ಕಾರಣಕ್ಕೆ. ಅತ್ತೆಯ ಮೇಲಿನ ಸಿಟ್ಟು, ಸತ್ತ ಮಗುವಿನ ಹೆಸರು, ಕಟ್ಟಿಕೊಂಡವನಿಗೆ ಹೇಳಲಾಗದ ಮಾತು, ಇಂಥದ್ದನ್ನೆಲ್ಲ ಬೆಟ್ಟದ ಮೇಲೆ ಹೋಗಿ ಮೆಲ್ಲಗೆ ಹೇಳಿ, ಹಗುರಾಗಿ ಬರುತ್ತಾರೆ. ವರ್ಷ ಕಳೆದು ಅದು ಕಿವಿಗಡ್ಡೆಗೆ ಬಂದಾಗ ಅಲ್ಲಿದ್ದವರು ಕಂಚಿನ ತಟ್ಟೆ ಬಡಿಯಬೇಕು. ಬೇರೆಯವರ ಅಳು ನಮ್ಮ ಕಿವಿಗೆ ಬೀಳಬಾರದು, ಅದು ನಮ್ಮಲ್ಲಿ ಮರ್ಯಾದೆ. ಅಳುವ ದನಿ ಶುರುವಾದರೆ ಮಾತಾಡುತ್ತಿದ್ದವರು ಮಾತು ನಿಲ್ಲಿಸದೆಯೇ ತಟ್ಟೆ ಬಡಿಯುತ್ತಾರೆ, ಅದು ನಿಂತ ಮೇಲೆ ಕೆಳಗಿಡುತ್ತಾರೆ. ನನ್ನ ಹೆಗಲ ಚೀಲದಲ್ಲಿ ಯಾವಾಗಲೂ ಒಂದು ತಟ್ಟೆ, ಒಂದು ಮರದ ಕೋಲು ಇರುತ್ತವೆ.

ಇನ್ನೊಂದು ಪದ್ಧತಿ ಇದೆ. ಬೆಟ್ಟದಿಂದ ಇಳಿಯುವ ಮುಂಚೆ ನಾನು ತಲೆ ಎಣಿಸಿ, "ಇಷ್ಟು ಮಂದಿ ಹತ್ತಿದ್ದೆವು, ಇಷ್ಟು ಮಂದಿ ಇಳಿಯುತ್ತಿದ್ದೇವೆ" ಎಂದು ನೀರಿನ ಕಡೆಗೆ ತಿರುಗಿ ಕೂಗಬೇಕು. ಹಿಂದಿನವರು ಇದನ್ನು ಮಾಡಿದ್ದು ಯಾರೂ ಹಿಂದೆ ಉಳಿಯದಿರಲಿ ಎಂದು. ಆದರೆ ಕಿವಿಗಡ್ಡೆಯಲ್ಲಿ ಅಡುಗೆ ಮಾಡುವ ಬುಡೇನ್ ಸಾಬರು ಆ ಕೂಗು ಕೇಳಿಯೇ ಎಲೆ ಹಾಕುವುದು, ಅಕ್ಕಿ ಇಡುವುದು. ಇಳಿಯುವಾಗ ಕೂಗಿದರೆ ಅದು ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾವೇ ಮುಟ್ಟಿರುತ್ತೇವೆ, ಅನ್ನ ಇನ್ನೂ ಕುದಿಯುತ್ತಿರುತ್ತದೆ. ಹೊಟ್ಟೆ ಹಸಿದ ಪ್ರವಾಸಿಗಳ ಬಾಯಿಗೆ ಯಾರು ಸಿಗುತ್ತಾರೆ? ನಾನೇ. ಅದಕ್ಕೆ ನಾವು ಗೈಡುಗಳೆಲ್ಲ ಮೇಲೆ ಹತ್ತಿದ ತಕ್ಷಣವೇ ಆ ಕೂಗು ಹಾಕಿಬಿಡುತ್ತಿದ್ದೆವು. ಹತ್ತಿದವರು ಇಳಿಯಲೇಬೇಕಲ್ಲ, ಎಲ್ಲಿಗೆ ಹೋಗುತ್ತಾರೆ ಅನ್ನುವ ಧೈರ್ಯ.

ಹೋದ ವರ್ಷ ಪುಷ್ಯದಲ್ಲಿ ಒಂದು ದಿನ ನನ್ನ ಗುಂಪಿನಲ್ಲಿ ಹದಿನಾಲ್ಕು ಮಂದಿ ಇದ್ದರು. ಅವರಲ್ಲಿ ಒಬ್ಬ ಹುಡುಗ ಒಂಟಿಯಾಗಿ ಬಂದಿದ್ದ. ಹುಡುಗನೆಂದರೆ ಇಪ್ಪತ್ತನಾಲ್ಕರ ಗಂಡಸು, ಖಾಸಗಿ ಬಸ್ಸಿನ ಕಂಡಕ್ಟರ್. ಹೆಸರು ಶಶಿಧರ. ರಜೆ ಸಿಗದೆ ಸಿಗದೆ ಒಂದು ದಿನ ಸಿಕ್ಕಿತು ಅಂತ ಬಂದಿದ್ದನಂತೆ. ಬೆಟ್ಟ ಹತ್ತುವಾಗ, ಇನ್ನೂ ಮಾತು ಕೇಳಿಸುವ ಕಡೆ, ನನ್ನನ್ನು ರೇಗಿಸುತ್ತ ಬಂದ. "ಅಕ್ಕಾ, ನಿಮ್ಗೂ ನಮ್ಗೂ ಒಂದೇ ಕಸ್ಬು ನೋಡಿ. ಜನ ಹತ್ತಿಸ್ಕೊಳ್ಳೋದು, ಇಳಿಸೋದು. ಬೈಸ್ಕೊಳ್ಳೋದು." "ನಿನಗೆ ಸೀಟಿಯಾದ್ರೂ ಇದೆ ಮಾರಾಯ, ನನಗೆ ಅದೂ ಇಲ್ಲ" ಅಂದೆ. ಅವನು ಜೇಬಿನಿಂದ ಸೀಟಿ ತೆಗೆದು, "ತಗೊಳ್ಳಿ, ನನ್ ಗಂಟ್ಲೇ ಸಾಕು ನನಗೆ" ಅಂದ. ನಾನು ತೆಗೆದುಕೊಳ್ಳಲಿಲ್ಲ, ಮೇಲೆ ಸೀಟಿಯೂ ಕೇಳಿಸುವುದಿಲ್ಲ. ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿದೆ, ಮೇಲೆ ಏನಾದರೂ ಅಪಾಯವಾದರೆ ಬೇರೇನೂ ಕೂಗಬೇಡ, "ಹಗ್ಗ" ಅಂತ ಕೂಗು, ಅಲ್ಲಿ ಸಾಬರು ಕೇಳಿಸಿಕೊಂಡು ಜನ ಕಳಿಸುತ್ತಾರೆ ಎಂದು. ಸರಿ ಅಂದ.

ಮೇಲೆ ಹತ್ತಿದೊಡನೆ "ಹದಿನಾಲ್ಕು ಹತ್ತಿದೆವು, ಹದಿನಾಲ್ಕು ಇಳಿಯುತ್ತಿದ್ದೇವೆ" ಎಂದು ಕೂಗಿ ಮುಗಿಸಿದೆ. ಆಮೇಲೆ ಮಂಜು ಏರಿತು. ನನ್ನ ಎಡ ಮಂಡಿ ಆ ದಿನ ಬಹಳ ನೋಯುತ್ತಿತ್ತು. ಗುಂಪಿನಲ್ಲಿ ಒಂದು ಗಂಡ ಹೆಂಡತಿ ಮೂಕ ಜಗಳ ಶುರುಮಾಡಿದ್ದರು, ಅವಳು ಕೈ ಬೀಸಿ ಬೀಸಿ ಬೈಯುತ್ತಿದ್ದಳು, ಉಳಿದವರು ನೋಡಿ ನಗುತ್ತಿದ್ದರು. ಅವರನ್ನು ಬಿಡಿಸಿ, ಎಲ್ಲರಿಗೂ ಕೈಸನ್ನೆ ಮಾಡಿ ಇಳಿಸಿಕೊಂಡು ಬಂದೆ. ಎಣಿಸಲಿಲ್ಲ. ದೋಣಿಯಲ್ಲಿಯೂ ಎಣಿಸಲಿಲ್ಲ. ಮಂಡಿ ನೀವಿಕೊಳ್ಳುತ್ತ ಕೂತಿದ್ದೆ.

ಕಿವಿಗಡ್ಡೆಯಲ್ಲಿ ಊಟಕ್ಕೆ ಕೂತು ಸಾರಿಗೆ ಬಂದಿದ್ದೆವು. ಪ್ರವಾಸಿಗಳ ಕೂಗುಗಳೆಲ್ಲ ಬಂದು ಮುಗಿದಿದ್ದವು. ಆಗ "ಅಮ್ಮಾ" ಅನ್ನುವ ದನಿ ಬಂತು. ದೊಡ್ಡ ದನಿ, ಆದರೆ ಒಡೆದಿತ್ತು. ಯಾರೋ ಊರಿನವರ ಅಳು ಅಂದುಕೊಂಡೆ. ಬಾಯಲ್ಲಿದ್ದ ಅನ್ನವನ್ನು ನುಂಗುತ್ತಲೇ ಚೀಲಕ್ಕೆ ಕೈ ಹಾಕಿ ತಟ್ಟೆ ತೆಗೆದು ಬಡಿಯತೊಡಗಿದೆ. ಬಹಳ ಹೊತ್ತು ಬಡಿದೆ. ತಟ್ಟೆಯ ಸದ್ದಿನೊಳಗೆ ಒಂದು ಸಲ "ಹಗ್ಗ" ಅಂದ ಹಾಗಾಯಿತು. ಹಾಗೆ ಅನ್ನಿಸಿತು ಅಷ್ಟೇ ಎಂದು ಈ ಒಂದು ವರ್ಷವೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಗ ಮಾತ್ರ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿ ಕೇಳಿಸಿಕೊಂಡರೆ ಮರ್ಯಾದೆಗೆಟ್ಟವಳು ಅನ್ನಿಸಿಕೊಳ್ಳಬೇಕಲ್ಲ. ದನಿ ನಿಂತ ಮೇಲೆ ತಟ್ಟೆ ಕೆಳಗಿಟ್ಟು ತಲೆ ಎತ್ತಿ ನೋಡಿದರೆ, ಹದಿನಾಲ್ಕನೆಯ ಎಲೆಯ ಮುಂದೆ ಯಾರೂ ಇಲ್ಲ.

ಆಮೇಲಿನದು ಎಷ್ಟು ಹೇಳಿದರೂ ಅಷ್ಟೇ. ದೋಣಿ ತಿರುಗಿಸಿದೆವು, ಬೆಟ್ಟದ ಬುಡಕ್ಕೆ ಬರುವಷ್ಟರಲ್ಲಿ ಮಂಜು ಕೆಳಗಿನವರೆಗೂ ಇಳಿದಿತ್ತು. ಅರಣ್ಯದವರು ಮೇಲೆ ಬಿಡಲಿಲ್ಲ. ಮರುದಿನ ಬೆಳಿಗ್ಗೆ ತುದಿಬಂಡೆಯ ಕೆಳಗೆ, ಎರಡಾಳು ಆಳದಲ್ಲಿ ಸಿಕ್ಕ. ಕಾಲು ಮುರಿದಿತ್ತು. ಕಾಲಿಗೆ ಕರ್ಚೀಫು ಬಿಗಿದುಕೊಂಡಿದ್ದ. ಕಾಲು ಮುರಿದರೆ ಯಾರೂ ಸಾಯುವುದಿಲ್ಲ, ಅವನನ್ನು ತಿಂದದ್ದು ಚಳಿ.

ವಿಚಾರಣೆಗೆ ಬಂದವರಿಗೆ ನಾನು ತಲೆ ಎಣಿಸಿದ್ದೆ ಅಂದೆ. ಹದಿನಾಲ್ಕು ಸರಿ ಇತ್ತು, ಆಮೇಲೆ ಅವನೇ ಕಣ್ಣು ತಪ್ಪಿಸಿ ವಾಪಸು ಹೋಗಿರಬೇಕು ಅಂದೆ. ಬುಡೇನ್ ಸಾಬರನ್ನು ಕೇಳಿದರು. "ಹದಿನಾಲ್ಕು ಅಂತ ಕೂಗು ಬಂದಿದ್ದು ಹೌದು" ಅಂದರು ಸಾಬರು. ಅದು ಸುಳ್ಳಲ್ಲ. ತಟ್ಟೆಯ ವಿಚಾರ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಆ ದಿನದಿಂದ ಅವರು ನನ್ನನ್ನು "ಏನ್ ಮೇಡಮ್ಮೋರೆ" ಅಂತ ರೇಗಿಸುವುದನ್ನು ಬಿಟ್ಟರು. ಬಡಿಸುತ್ತಾರೆ, ಒಳಗೆ ಹೋಗುತ್ತಾರೆ.

ಈ ವರ್ಷ ಅದೇ ದಿನ ನನ್ನ ಗುಂಪಿನಲ್ಲಿ ಹನ್ನೊಂದು ಮಂದಿ. ರಜೆ ಹಾಕೋಣ ಅಂದುಕೊಂಡಿದ್ದೆ. ಹಾಕಿದರೆ ಜನ ಯಾಕೆ ಅಂತ ಕೇಳುತ್ತಾರೆ, ಹಾಳಾಗಿ ಹೋಗಲಿ ಎಂದು ಬಂದೆ. ಬಸ್ಸಿನಿಂದ ಕೊನೆಗೆ ಇಳಿದವಳು ಐವತ್ತರ ಆಸುಪಾಸಿನ ಹೆಂಗಸು, ಗಂಡಸರ ಸ್ವೆಟರು ತೊಟ್ಟಿದ್ದಳು, ತೋಳು ಉದ್ದವಾಗಿ ಎರಡು ಸಲ ಮಡಚಿದ್ದಳು. ನಾನು ನನ್ನ ಮಾಮೂಲು ಭಾಷಣ ಮುಗಿಸಿದೆ. ಕೂಗಿದ್ದು ಎರಡು ಗಂಟೆ, ಪಿಸುಗುಟ್ಟಿದ್ದು ಒಂದು ವರ್ಷ. ಎಲ್ಲರೂ ನಕ್ಕರು, ಇವಳು ನಗಲಿಲ್ಲ. ಬೆಟ್ಟದ ಬುಡದಲ್ಲಿ ನನ್ನ ಪಕ್ಕಕ್ಕೆ ಬಂದಳು.

"ದೇವೀರಕ್ಕ ಅಂದ್ರೆ ನೀವೇ ಅಲ್ವಾ?"

"ಹೌದಮ್ಮ, ನಾನೇ."

"ನಾನು ಇಂದ್ರಾಣಿ ಅಂತ. ಶಶಿಧರನ ತಾಯಿ."

ನಾನು ಹೆಗಲ ಚೀಲವನ್ನು ಎದೆಗೆ ಎಳೆದುಕೊಂಡೆ. ಅವಳು ಅದನ್ನು ನೋಡಿದಳೋ ಇಲ್ಲವೋ. "ಗಾಬರಿ ಆಗ್ಬೇಡಿ, ಜಗಳಕ್ಕೆ ಬಂದಿಲ್ಲ" ಅಂದಳು. "ಮೆಲ್ಲಗೆ ಹೇಳಿದ್ದು ವರ್ಷಕ್ಕೆ ಅಲ್ಲಿ ಬರುತ್ತಂತಲ್ಲ. ಅವನು ಅಲ್ಲಿ ಸಂಜೇವರೆಗಾದ್ರೂ ಇದ್ದ ಅಂತ ಡಾಕ್ಟ್ರು ಹೇಳಿದ್ರು. ಅಷ್ಟು ಹೊತ್ತು ಏನಾದ್ರೂ ಮಾತಾಡಿರ್ತಾನಲ್ವಾ? ಸುಮ್ನೆ ಕೂರೋ ಹುಡುಗ ಅಲ್ಲ ಅವನು. ಅದನ್ನ ಕೇಳಿಸ್ಕೊಂಡು ಹೋಗೋಣ ಅಂತ ಬಂದೆ. ಅಷ್ಟೇ."

"ಬಂದೇ ಬರುತ್ತೆ ಅಂತ ಹೇಳೋಕಾಗಲ್ಲಮ್ಮ. ಗಾಳಿ ಇರುತ್ತೆ, ಒಂದೊಂದ್ಸಲ ತಪ್ಪಿ ಹೋಗುತ್ತೆ" ಅಂದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಮಾತೂ ಗಾಳಿಗೆ ತಪ್ಪಿ ಹೋದದ್ದಿಲ್ಲ.

"ಬರುತ್ತೆ ಬಿಡಿ" ಅಂದಳು.

ಬೆಟ್ಟದ ಮೇಲೆ ಅವಳು ತುದಿಬಂಡೆ ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳಿದಳು. ಈಗ ಅಲ್ಲಿ ಕಬ್ಬಿಣದ ಕಂಬಿ ಹಾಕಿದ್ದಾರೆ. ಕಂಬಿ ಹಿಡಿದು ಕೆಳಗೆ ನೋಡುತ್ತ ನಿಂತಳು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಅವಳ ಬೆನ್ನು ಒಂದು ಸಲ ಹಿಗ್ಗಿತು, ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು. ಏನೂ ಕೇಳಿಸಲಿಲ್ಲ. ಮತ್ತೆ ತೆರೆಯಿತು. ಮೂರು ಸಲ ಕೂಗಿದಳು. ನಂತರ ಸ್ವೆಟರಿನ ತೋಳಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆಗೆ ತಿರುಗಿ, ಹೋಗೋಣ ಎಂದು ತಲೆಯಾಡಿಸಿದಳು. ನಾನು ಹನ್ನೊಂದು ತಲೆಗಳನ್ನೂ ಕೈಯಿಂದ ಮುಟ್ಟಿ ಎಣಿಸಿದೆ. ಅವಳ ತಲೆ ಮುಟ್ಟುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

ದೋಣಿ ಹತ್ತುವಾಗ ನನಗೆ ಒಂದು ಕೆಟ್ಟ ಬುದ್ಧಿ ಬಂತು. ಬಂತು ಅಂತ ಒಪ್ಪಿಕೊಳ್ಳುತ್ತೇನೆ. "ಇವತ್ತು ಮೊದ್ಲು ಹಕ್ಕಿಗಡ್ಡೆಗೆ ಹೋಗೋಣ, ಈ ಹೊತ್ತಲ್ಲಿ ಕೊಕ್ಕರೆ ಚೆನ್ನಾಗಿ ಕಾಣುತ್ತೆ. ಊಟ ಆಮೇಲೆ ಮಾಡಿದ್ರಾಯ್ತು" ಅಂದೆ. ಹಕ್ಕಿಗಡ್ಡೆಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆಯಾಗುತ್ತದೆ. ಅಷ್ಟರೊಳಗೆ ಬರುವುದರಲ್ಲಿ ಹೆಚ್ಚಿನದು ಬಂದು ಇವಳಿಲ್ಲದ ಗಡ್ಡೆಯ ಮೇಲೆ ಬಿದ್ದು ಹೋಗಿರುತ್ತದೆ. ಪ್ರವಾಸಿಗಳು ಹಸಿವು ಹಸಿವು ಅಂತ ಗಲಾಟೆ ಮಾಡಿದರು. ಇಂದ್ರಾಣಿ ಗಲಾಟೆ ಮಾಡಲಿಲ್ಲ. ದೋಣಿಯವನ ಹತ್ತಿರ ಹೋಗಿ, "ಅಣ್ಣಾ, ನನ್ನನ್ನ ಕಿವಿಗಡ್ಡೇಲಿ ಇಳಿಸಿ ನೀವು ಎಲ್ಲಿಗಾದ್ರೂ ಹೋಗಿ" ಅಂದಳು. ಅವನು ನನ್ನ ಮುಖವನ್ನೂ ನೋಡದೆ ದೋಣಿಯನ್ನು ಕಿವಿಗಡ್ಡೆಯ ಕಡೆಗೆ ತಿರುಗಿಸಿದ.

ಸಾಬರು ಹನ್ನೊಂದು ಎಲೆ ಹಾಕಿದ್ದರು. ಎಲ್ಲರೂ ಕೂತರು. ಕೂಗುಗಳು ಬರತೊಡಗಿದವು. ಒಬ್ಬ ಸಿನಿಮಾ ಡೈಲಾಗ್ ಹೊಡೆದಿದ್ದ, ಒಬ್ಬಳು ಆಫೀಸಿನ ಯಜಮಾನನಿಗೆ ಬೈದಿದ್ದಳು, ಎರಡು ಮಕ್ಕಳು ಬೆಕ್ಕಿನ ಹಾಗೆ ಕೂಗಿದ್ದವು. ನಗು, ಚಪ್ಪಾಳೆ. ಅದರ ನಡುವೆ ಒಮ್ಮೆಗೇ "ಶಶೀ" ಎಂದು ಬಂತು.

ಎಲ್ಲರ ಕೈ ಎಲೆಯ ಮೇಲೇ ನಿಂತಿತು. "ಶಶೀ" ಎಂದು ಮತ್ತೆ. ಬೆಳಿಗ್ಗೆಯಿಂದ ಅಷ್ಟು ಮೆಲ್ಲಗೆ ಮಾತಾಡಿದ ಹೆಂಗಸಿನ ಎದೆಯಲ್ಲಿ ಅಂಥ ದನಿ ಇತ್ತೆಂದು ಯಾರೂ ಅಂದುಕೊಂಡಿರಲಿಲ್ಲ. ಮೂರನೆಯ ಸಲ ಬಂದಾಗ ನನ್ನ ಕೈ ನನಗೆ ಗೊತ್ತಿಲ್ಲದೆ ಚೀಲದೊಳಗೆ ಹೋಗಿತ್ತು. ಗೊತ್ತಿಲ್ಲದೆ ಅಂದರೆ ಸುಳ್ಳು, ಗೊತ್ತಿತ್ತು. ಕೋಲು ಎತ್ತುವ ಮೊದಲು ಬುಡೇನ್ ಸಾಬರು ಬಂದು ನನ್ನ ಮಣಿಕಟ್ಟು ಹಿಡಿದರು. ವಯಸ್ಸಾದ ಕೈ, ಆದರೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

"ಇವತ್ತು ಬ್ಯಾಡ" ಅಂದರು.

ಆಗ ಶುರುವಾಯಿತು. ಮೆಲ್ಲನೆಯ ದನಿ, ಗಂಟಲು ಪೂರ್ತಿ ಕೂತುಹೋದವನ ದನಿ. ತಾಯಿ ಕೂಗಿ ಮುಗಿಸಿದ್ದಕ್ಕೆ ಮಗ ಉತ್ತರ ಕೊಟ್ಟ ಹಾಗಿತ್ತು. ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಗಂಟ್ಲು ಹೋಯ್ತಲ್ಲಪ್ಪ. ಪರ್ವಾಗಿಲ್ಲ. ಇನ್ನು ಕೂಗೋದು ಬೇಡ. ಕೂಗಿದ್ದು ಆಯ್ತಲ್ಲ, ಹಗ್ಗ ಅಂತ ಒಂದು ಐವತ್ತು ಸಲ ಕೂಗಿದೀನಿ. ಕೇಳಿಸಿರುತ್ತೆ." ಸ್ವಲ್ಪ ಹೊತ್ತು ಉಸಿರು ಮಾತ್ರ. "ಕೇಳಿಸ್ದಿದ್ರೂ ಎಣಿಸಿರ್ತಾರೆ. ತಲೆ ಎಣಿಸ್ದೆ ಯಾರಾದ್ರೂ ಗಾಡಿ ಬಿಡ್ತಾರಾ? ದೋಣಿ ಹತ್ರ ಎಣಿಸಿರ್ತಾರೆ. ಹದಿಮೂರೇ ಇದೆಯಲ್ಲ ಅಂದಿರ್ತಾರೆ. ಆ ಅಕ್ಕ ಬರ್ತಾರೆ. ಮಂಡಿನೋವು ಪಾಪ, ನಿಧಾನಕ್ಕೆ ಬರ್ತಾರೆ."

ಪ್ರವಾಸಿಗಳು ಒಬ್ಬೊಬ್ಬರಾಗಿ ಎದ್ದು ನೀರಿನ ಕಡೆಗೆ ಹೋದರು. ಯಾರೂ ಅವರಿಗೆ ಹೋಗಿ ಅಂದಿರಲಿಲ್ಲ. ಎರಡು ಮಕ್ಕಳನ್ನು ಅವರ ತಾಯಿ ಕಿವಿ ಮುಚ್ಚಿ ಕರೆದುಕೊಂಡು ಹೋದಳು. ಇಂದ್ರಾಣಿ ಎಲೆಯ ಮುಂದೆಯೇ ಕೂತಿದ್ದಳು, ಕೈ ಅನ್ನದಲ್ಲಿತ್ತು. ಅವಳ ಮುಖದಲ್ಲಿ ಒಂದು ಕ್ಷಣ ಸಂತೋಷದಂಥದ್ದು ಕಂಡಿತು. ಮಗನ ದನಿ ಕೇಳಿದ ಸಂತೋಷ. ಅದನ್ನು ನಾನು ನೋಡಬಾರದಿತ್ತು.

"ಹೆದರಿಲ್ಲ ನೋಡಿ ಅವನು" ಅಂದಳು ನನಗೆ. "ನೀವು ಬರ್ತೀರ ಅಂತ ಇದ್ದ."

ದನಿ ನಿಂತಿತ್ತು. ಬಿಟ್ಟು ಬಿಟ್ಟು ಬರುವುದು, ಪಿಸುಮಾತು ಯಾವಾಗಲೂ ಹಾಗೆಯೇ. ಅವಳು ಕೈ ತೊಳೆದುಕೊಂಡು ಬಂದಳು. ಬರುವಷ್ಟರಲ್ಲಿ ಸಂತೋಷ ಹೋಗಿ ಬೇರೇನೋ ಬಂದಿತ್ತು.

"ಐವತ್ತು ಸಲ ಕೂಗ್ದೆ ಅಂದ" ಅಂದಳು. "ಅವನು ಸ್ಟ್ಯಾಂಡಲ್ಲಿ ನಿಂತು ಕೂಗಿದ್ರೆ ಮಾರ್ಕೆಟ್ಟಿಗೆ ಕೇಳ್ತಿತ್ತು ದೇವೀರಕ್ಕ. ಕೂಗಿದ್ದು ಎರಡು ಗಂಟೇಲಿ ಇಲ್ಲಿಗೆ ಬರುತ್ತೆ ಅಂತ ನೀವೇ ಬೆಳಿಗ್ಗೆ ಹೇಳಿದ್ರಿ. ಒಂದೂ ತಪ್ಪಲ್ಲ, ಬೆಕ್ಕು ಕೂಗಿದ್ದೂ ಬಂತು ಇವತ್ತು. ಅವನ ಕೂಗು ಎಲ್ಲಿ ಹೋಯ್ತು?"

ಬುಡೇನ್ ಸಾಬರು ಸೌಟು ಹಿಡಿದು ನಿಂತಿದ್ದರು. ಅವರು ಏನಾದರೂ ಹೇಳಲಿ ಅಂತ ಕಾದೆ. ಹಾಳಾದ ಮುದುಕ, ಹೇಳಲಿಲ್ಲ. ಗಾಳಿ ಎನ್ನಬಹುದಿತ್ತು. ಆ ದಿನ ಇಲ್ಲಿ ಯಾರೂ ಇರಲಿಲ್ಲ ಎನ್ನಬಹುದಿತ್ತು. ಕೇಳುವವರು ಇನ್ಯಾರೂ ಇರಲಿಲ್ಲ, ಅವಳು ನಂಬುತ್ತಿದ್ದಳೋ ಏನೋ.

"ಬಂತಮ್ಮ" ಅಂದೆ. "ಇಲ್ಲಿಗೇ ಬಂತು. ನಾವು ಊಟ ಮಾಡ್ತಾ ಇದ್ವಿ. ಅಮ್ಮಾ ಅಂತ ಬಂತು. ಯಾರೋ ಅಳ್ತಿದಾರೆ ಅಂದ್ಕೊಂಡೆ. ನಮ್ಮಲ್ಲಿ ಅಳು ಕೇಳ್ಬಾರದು ಅಂತ ತಟ್ಟೆ ಬಡೀತೀವಿ. ನಾನು ಬಡಿದೆ. ಅದು ನಿಲ್ಲೋವರೆಗೂ ಬಡಿದೆ."

ಅವಳು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಅರ್ಥವಾಯಿತು.

"ತಲೆ?"

"ಎಣಿಸಿರ್ಲಿಲ್ಲ."

"ಮೇಲೂ?"

"ಎಲ್ಲೂ ಎಣಿಸಿರ್ಲಿಲ್ಲಮ್ಮ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು, ಶಾಪ ಹಾಕಿದ್ದರೂ ತೆಗೆದುಕೊಳ್ಳುತ್ತಿದ್ದೆ. ಅವಳು ಹೊಡೆಯಲಿಲ್ಲ. ಕಂಬ ಹಿಡಿದು ನಿಂತಳು. ಕೆಳಗೆ ದೋಣಿಯವನು ಹೊರಡುವ ಹೊತ್ತಾಯಿತೆಂದು ಕೂಗಿದ. ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಪ್ರವಾಸಿಗಳನ್ನು ಹಕ್ಕಿಗಡ್ಡೆಗೆ ಕರೆದುಕೊಂಡು ಹೋಗಬೇಕು, ಇವಳು ಇಲ್ಲಿರಲಿ, ಸಾಬರು ಜೊತೆಗಿರುತ್ತಾರೆ, ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಹೊಂದಿಸುತ್ತಿದ್ದೆ. ದೇವರಾಣೆ, ಆಗಲೂ ತಪ್ಪಿಸಿಕೊಳ್ಳುವ ದಾರಿಯನ್ನೇ ಹುಡುಕುತ್ತಿದ್ದೆ.

"ಇನ್ನೂ ಬರುತ್ತಾ ಅವನ ಮಾತು?" ಎಂದು ಅವಳು ಕೇಳಿದಳು.

"ಬರುತ್ತೆ. ಅವನಿಗೆ ಎಚ್ಚರ ಇದ್ದಷ್ಟು ಹೊತ್ತೂ ಬರುತ್ತೆ."

"ಹಾಗಾದ್ರೆ ಚೀಲ ಇಳಿಸಿ" ಅಂದಳು. "ಅವರನ್ನ ದೋಣಿಯವನು ಕರ್ಕೊಂಡು ಹೋಗ್ಲಿ. ನೀವು ಇಲ್ಲಿ ಕೂತ್ಕೊಳ್ಳಿ. ನನ್ನ ಮಗ ನಿಮ್ಮನ್ನ ಕಾಯ್ತಾ ಇದಾನೆ, ಪೂರ್ತಿ ಕೇಳಿ. ಒಂದು ಮಾತೂ ಬಿಡ್ಬೇಡಿ."

ನಾನು ಚೀಲ ಇಳಿಸಿ ಅವಳ ಎದುರಿಗೆ ಕೂತೆ. ಸಾಬರು ದೋಣಿಯವನಿಗೆ ಹೊರಡು ಎಂದು ಕೈ ಬೀಸಿದರು. ದೋಣಿ ದೂರವಾದ ಮೇಲೆ ಮತ್ತೆ ಬಂತು, ನನ್ನ ಪಕ್ಕದಲ್ಲೇ ಯಾರೋ ಕೂತು ಹೇಳಿದಷ್ಟು ಹತ್ತಿರ.

"ಈಗ ಊಟ ಮುಗ್ಸಿರ್ತಾರೆ" ಅಂದ. "ಈಗ ಹೊರಟಿರ್ತಾರೆ."